ಕ್ಯೋಟೋದಲ್ಲಿ ಅಮ್ಮನ ಜೊತೆ ಒಂದು ದಿನ

ಅಮ್ಮ ಮೀನು ಮುಟ್ಟಲ್ಲ. ಜಪಾನಿನಲ್ಲಿ ಸಾರು ಅಂದರೆ ಹೆಚ್ಚಾಗಿ ಒಣಮೀನಿನ ದಾಶಿ. ಅದಕ್ಕೇ ಕ್ಯೋಟೋದ ಆ ದಿನವನ್ನು ಪೂರ್ತಿ ತೋಫುಗೆ, ಅಂದರೆ ಸೋಯಾ ಹಾಲಿನ ಪನೀರಿಗೆ, ಬಿಟ್ಟೆವು.

ಬೆಳಿಗ್ಗೆ ನಿಶಿಕಿ ಮಾರ್ಕೆಟ್. ಸುಮಾರು 390 ಮೀಟರ್ ಉದ್ದದ ಕಿರಿದಾದ ಬೀದಿ, ನೂರಕ್ಕೂ ಜಾಸ್ತಿ ಅಂಗಡಿ. ಉಪ್ಪಿನಕಾಯಿ ಅಂಗಡಿ ಮುಂದೆ ಅಮ್ಮ ನಿಂತೇಬಿಟ್ಟಳು. ಮರದ ತೊಟ್ಟಿಯಲ್ಲಿ ಅಕ್ಕಿ ತೌಡು, ಅದರೊಳಗೆ ಹೂತಿಟ್ಟ ಸೌತೆಕಾಯಿ, ಬದನೆಕಾಯಿ. "ಎಣ್ಣೆ ಇಲ್ಲ, ಖಾರ ಇಲ್ಲ, ಆದ್ರೂ ಎಷ್ಟು ಚೆನ್ನಾಗಿದೆ ನೋಡು" ಅಂದಳು. ಆ ತೌಡಿನ ಹುಳಿ ವಾಸನೆ ಉಕ್ಕಿ ಬಂದ ದೋಸೆ ಹಿಟ್ಟನ್ನು ನೆನಪಿಸಿತು.

ಮಧ್ಯಾಹ್ನ ನಾನ್‌ಜೆನ್‌ಜಿ ದೇವಸ್ಥಾನದ ಹತ್ತಿರ ಯುದೋಫು. ಮಣ್ಣಿನ ಪಾತ್ರೆ, ಸುಮ್ನೆ ಬಿಸಿನೀರು, ತಳದಲ್ಲಿ ಒಂದು ತುಂಡು ಕೊಂಬು ಅನ್ನೋ ಕಡಲಪಾಚಿ. ತೋಫು ನಡುಗುತ್ತಾ ಮೇಲೆ ಬರುತ್ತೆ. ಅದ್ದಿಕೊಳ್ಳುವ ರಸದಲ್ಲೂ ದಾಶಿ ಇರಬಹುದು, ಅದಕ್ಕೆ ಬರೀ ಸೋಯಾ ಸಾಸ್ ಕೇಳಿದೆವು. ಜೊತೆಗೆ ಯುಬಾ ಬಂತು. ಸೋಯಾ ಹಾಲು ಕಾಯಿಸುವಾಗ ಮೇಲೆ ಕಟ್ಟುವ ಕೆನೆ ಅದು. ಕಡ್ಡಿಯಲ್ಲಿ ಎತ್ತಿದರೆ ಒದ್ದೆ ರೇಷ್ಮೆಯಂತೆ ಮಡಿಕೆ ಮಡಿಕೆಯಾಗಿ ಇಳಿಯುತ್ತೆ. ನನಗೆ ಇಡೀ ಪ್ರವಾಸದ ಅತಿ ರುಚಿಯ ತುತ್ತು ಅದೇ.

ಆಮೇಲೆ ದೇವಸ್ಥಾನದ ಆವರಣದಲ್ಲಿರುವ ಇಟ್ಟಿಗೆ ಕಮಾನುಗಳ ಮೇಲ್ಗಾಲುವೆ ನೋಡಿದೆವು. 1888ರದ್ದು, ಬಿವಾ ಸರೋವರದ ನೀರು ಇವತ್ತಿಗೂ ಅದರ ಮೇಲೆ ಹರಿಯುತ್ತಿದೆ.

ಸಂಜೆ ವಾರಾಬಿ ಮೋಚಿ ಅನ್ನೋ ಮೆತ್ತನೆಯ ಸಿಹಿ. ಮೇಲೆ ಉದುರಿಸಿದ ಹುರಿದ ಸೋಯಾ ಹಿಟ್ಟನ್ನು ಅಮ್ಮ ಬೆರಳಲ್ಲಿ ಒತ್ತಿ ಒತ್ತಿ ತಿಂದಳು.