ಟ್ಯಾಗೋರ್ ಸೆಟ್, ಕಂತು 4: ಮಬ್ಬು ಪಿವಿಸಿದಲ್ಲ, ಮಳೆಗಾಲದ್ದು

ಕೊನೆಗೂ ಮಬ್ಬು ಹೋಯಿತು. 2011ರ ರವೀಂದ್ರನಾಥ ಟ್ಯಾಗೋರ್ ಪ್ರೂಫ್ ಸೆಟ್ಟಿನ (ಸಂಗ್ರಹಕಾರರಿಗೆಂದೇ ಅಚ್ಚು ಹಾಕಿದ ಸೆಟ್) 150 ರೂಪಾಯಿ ನಾಣ್ಯದ ಫೀಲ್ಡ್, ಅಂದರೆ ಚಿತ್ರ, ಅಕ್ಷರಗಳ ಸುತ್ತಲಿನ ಖಾಲಿ ಜಾಗ, ಈಗ ಕನ್ನಡಿ ಇದ್ದ ಹಾಗಿದೆ. ಜೊತೆಯ 5 ರೂಪಾಯಿ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿ ಚೊಕ್ಕವಾಗಿತ್ತು, ಅದನ್ನು ಮುಟ್ಟಲೇ ಇಲ್ಲ. ನಾಣ್ಯದ ಸ್ಥಿತಿ ನೋಡಿ ಅಂಕಿ ಕೊಡುವ ಗ್ರೇಡಿಂಗಿನ ಫಾರಂ, ನಾಣ್ಯ ಇಡುವ ಪಾರದರ್ಶಕ ಚೀಲ ಅಂದರೆ ಫ್ಲಿಪ್ಪು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಕೊನೆಗೆ ನಾಲ್ಕು ಸಾಲಲ್ಲಿ ಮುಗಿಸಿದರೆ ಸಾಕು. ಈ ಕಂತು ಪೂರ್ತಿ ಅಸಿಟೋನಿಗೆ ಮೀಸಲು.

ದೊಡ್ಡ ನಾಣ್ಯವನ್ನು ಯಾರೋ ಪುಣ್ಯಾತ್ಮರು ಮೂಲ ಡಬ್ಬಿಯಿಂದ ತೆಗೆದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಫ್ಲಿಪ್ಪಿಗೆ ಹಾಕಿ ಮಾರಿದ್ದರು. ಬಿಚ್ಚಿದ ಕೂಡಲೇ ಹೊಸ ರೆಕ್ಸಿನ್ ಬ್ಯಾಗಿನ ವಾಸನೆ. ಅಕ್ಷರಗಳ ಬುಡದಲ್ಲಿ ಎಣ್ಣೆ ಸವರಿದಂಥ ಪೊರೆ, ಒಂದೆರಡು ಕಡೆ ತೆಳು ಹಸಿರು. 50% ಬೆಳ್ಳಿ, 40% ತಾಮ್ರ, 5% ನಿಕಲ್, 5% ಸತು ಇರುವ ಮಿಶ್ರಲೋಹ ಇದು. ಬೆಳ್ಳಿ ಎಂದು ಕರೆದರೂ ಒಳಗೆ ತಾಮ್ರ ಕಾಯ್ತಾ ಕೂತಿರುತ್ತದೆ. ಪೊರೆ ಇರುವಾಗಲೇ ಗ್ರೇಡಿಂಗಿಗೆ ಕಳಿಸಿದರೆ ಅಂಕಿ ಬರುವುದಿಲ್ಲ, ಮೇಲ್ಮೈ ಕೆಟ್ಟಿದೆ ಎನ್ನುವ 'ಡೀಟೇಲ್ಸ್' ಎಂಬ ಷರಾ ಬರುತ್ತದೆ. ಉಜ್ಜಿ ತೆಗೆದರೆ ಹೇರ್‌ಲೈನ್ (ಕೂದಲೆಳೆಯ ಗೀರು), ಅದಕ್ಕೂ ಅದೇ ಷರಾ. ಉಳಿದ ದಾರಿ ಶುದ್ಧ ಅಸಿಟೋನಿನಲ್ಲಿ ಅದ್ದುವುದು. ಅದು ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸುವ ಪ್ಲಾಸ್ಟಿಸೈಜರನ್ನು ಕರಗಿಸುತ್ತದೆ, ಲೋಹವನ್ನೂ ಟೋನಿಂಗನ್ನೂ (ಕಾಲಕ್ರಮೇಣ ಬರುವ ಬಣ್ಣ) ಮುಟ್ಟುವುದಿಲ್ಲ. ಹಸಿರು ಆಗಲೇ ಲೋಹವನ್ನು ಕೊರೆದಿದ್ದರೆ ಆ ಗುಳಿ ಹಾಗೇ ಉಳಿಯುತ್ತದೆ. ಇಲ್ಲಿ ಕೊರೆದಿರಲಿಲ್ಲ.

ಮೊದಲ ಸಲ ಅದ್ದಿದಾಗ ಎಣ್ಣೆ ಪೊರೆ ಹೋಯಿತು. ಒಣಗಿದ ಮೇಲೆ ಹೊಸ ಮಬ್ಬು. ಎರಡನೇ ಸಲವೂ ಅದೇ. ಮೂರನೇ ಸಲ ಮೊದಲಿಗಿಂತ ಕಡೆ.

ಮೊದಲ ಅನುಮಾನ ಅಸಿಟೋನಿನ ಮೇಲೆ. ಬಾಟಲಿ ಮೇಲೆ 99.5% ಎಂದು ದಪ್ಪಕ್ಷರದಲ್ಲಿತ್ತು. ಪರೀಕ್ಷೆ ಸುಲಭ: ಒರೆಸಿದ ಕನ್ನಡಿಯ ಮೇಲೆ ಒಂದು ಹನಿ ಬಿಟ್ಟು ಆರಲು ಬಿಡಿ, ಓರೆಯಿಂದ ಟಾರ್ಚ್ ಹಿಡಿಯಿರಿ. ಈ ಬಾಟಲಿಯ ಹನಿ ರಂಗೋಲಿ ಬರೆದು ಹೋಯಿತು. ಅಂಗಡಿಯಲ್ಲಿ ಕೇಳಿದರೆ 'ಪೇಂಟ್ ತೆಗೆಯಕ್ಕೆ ಇಷ್ಟು ಸಾಕು ಸಾರ್' ಎಂಬ ಉತ್ತರ. ಪ್ರಯೋಗಾಲಯಕ್ಕೆ ಮಾರುವ ಎಆರ್ (ಅನಲಿಟಿಕಲ್ ರಿಯೇಜೆಂಟ್) ದರ್ಜೆಯದನ್ನು ಗಾಜಿನ ಬಾಟಲಿಯಲ್ಲೇ ತರಬೇಕು. ನೇಲ್ ಪಾಲಿಶ್ ರಿಮೂವರಿನಲ್ಲಿ ಎಣ್ಣೆ, ಸುಗಂಧ ಎರಡೂ ಬೆರೆತಿರುತ್ತವೆ, ಅದರ ಹತ್ತಿರವೂ ಸುಳಿಯಬೇಡಿ.

ಎರಡನೇ ಅನುಮಾನ ಚಿಮಟದ ಮೇಲೆ, ಅದೂ ನಿಜವೇ ಆಯಿತು. ನಾಣ್ಯ ಹಿಡಿಯುವ ಚಿಮಟದ ತುದಿಗೆ ಹಾಕಿರುವ ಕೆಂಪು ಮೆತ್ತನೆ ಟೊಪ್ಪಿಗೆ ಬಹುಪಾಲು ವಿನೈಲ್, ಅಂದರೆ ಮತ್ತದೇ ಪಿವಿಸಿ. ಅಸಿಟೋನಿಗೆ ಇಳಿದ ಕೂಡಲೇ ಅದು ಊದಿಕೊಂಡು ತನ್ನ ಪ್ಲಾಸ್ಟಿಸೈಜರನ್ನು ಬಿಡುತ್ತದೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ. ನೈಲಾನ್ ತುದಿಯದು ಬಳಸಿ. ತೆಳು ನೈಟ್ರೈಲ್ ಕೈಗವಸೂ ಅಸಿಟೋನಿಗೆ ತಡೆಯುವುದಿಲ್ಲ.

ಎರಡನ್ನೂ ಬದಲಿಸಿದ ಮೇಲೂ ಮಬ್ಬು ಬಂತು! ಆಗ 10x ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು, ಒಂದೇ ಬಲ್ಬಿನ ಬೆಳಕಲ್ಲಿ ನಾಣ್ಯವನ್ನು ಓಲಾಡಿಸಿ ನೋಡಬೇಕಾಯಿತು. ಹೇರ್‌ಲೈನ್ ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಮಾಯವಾಗುತ್ತದೆ. ಪಿವಿಸಿ ಪೊರೆ ಅಕ್ಷರದ ಬುಡ ಹಿಡಿಯುತ್ತದೆ. ಇಲ್ಲಿದ್ದದ್ದು ಸಾಸಿವೆಗಿಂತ ಎಷ್ಟೋ ಸಣ್ಣ ದುಂಡು ಚುಕ್ಕಿಗಳು, ಒಂದೊಂದಕ್ಕೂ ಅಂಚಿನಲ್ಲಿ ತೆಳು ಬಳೆ. ಬಳೆ ಕಂಡರೆ ಹನಿ ಆರಿದ ಗುರುತು. ನೀರು!

ಹೊರಗೆ ಜಿಟಿಜಿಟಿ ಮಳೆ, ಕೋಣೆಯಲ್ಲಿ 24 ಡಿಗ್ರಿ, ತೇವಾಂಶ 80%. ಈ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಸುಮಾರು 20 ಡಿಗ್ರಿ, ಅಂದರೆ ನಾಣ್ಯ ನಾಲ್ಕೇ ಡಿಗ್ರಿ ತಣ್ಣಗಾದರೂ ಅದರ ಮೇಲೆ ನೀರು ಕೂರುತ್ತದೆ. ಒಂದು ಗ್ರಾಂ ಅಸಿಟೋನ್ ಆವಿಯಾಗಲು 500ಕ್ಕೂ ಹೆಚ್ಚು ಜೂಲ್ ಶಾಖ ಬೇಕು. 44 ಮಿ.ಮೀ. ನಾಣ್ಯದ ಎರಡೂ ಮುಖಕ್ಕೆ 0.1 ಗ್ರಾಂನಷ್ಟು ಅಂಟಿಕೊಂಡು ಬಂತು ಎನ್ನಿ. ಆ 50 ಜೂಲ್ ನಾಣ್ಯದಿಂದಲೇ ಹೋದರೆ 35 ಗ್ರಾಂ ಲೋಹ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಲೆಕ್ಕ ಸರಿಹೋಯಿತು. ತೆಳು ನಾಣ್ಯದ ಗತಿ ಇನ್ನೂ ಕೆಟ್ಟದ್ದು: ಅಗಲಕ್ಕೆ ಹೋಲಿಸಿದರೆ ತೂಕ ಕಡಿಮೆ, ಹೆಚ್ಚು ತಣ್ಣಗಾಗುತ್ತದೆ. ಸಾಲದ್ದಕ್ಕೆ, ಬಾಯಿ ತೆರೆದ ಬೋಗುಣಿಯ ಅಸಿಟೋನ್ ಗಾಳಿಯ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಆರುವಾಗ ಅಸಿಟೋನ್ ಮೊದಲು ಹೋಗಿ, ನೀರು ಹಿಂದೆ ಉಳಿಯುತ್ತದೆ. ಒಳ್ಳೆಯ ಎಆರ್ ದರ್ಜೆಯನ್ನೂ ಮಳೆಗಾಲ ಹೀಗೆ ಕೆಡಿಸುತ್ತದೆ.

ಕೊನೆಗೆ ಫಲಿಸಿದ ಕ್ರಮ ಇದು. ಮುಚ್ಚಳವಿರುವ ಎರಡು ಗಾಜಿನ ಜಾಡಿ, ಒಂದೊಂದರಲ್ಲಿ 100 ಮಿ.ಲೀ. ಮೊದಲನೆಯದರಲ್ಲಿ ಹತ್ತು ನಿಮಿಷ, ಎರಡನೆಯದರಲ್ಲಿ ಐದು, ಎರಡೂ ಮುಚ್ಚಳ ಮುಚ್ಚಿಯೇ. ಹಳೆಯ ನೀರಿನ ಚುಕ್ಕಿಗೆ ನಡುವೆ ಒಮ್ಮೆ ಡಿಸ್ಟಿಲ್ಡ್ ವಾಟರ್, ತಕ್ಷಣ ಹೊಸ ಅಸಿಟೋನ್. ಬಂಕಿನಲ್ಲಿ ಸಿಗುವ ಬ್ಯಾಟರಿ ವಾಟರನ್ನೂ ಕನ್ನಡಿ ಮೇಲೆ ಪರೀಕ್ಷಿಸಿ. ಅವಸರದಲ್ಲಿ ಬ್ಯಾಟರಿ ಆ್ಯಸಿಡ್ ತಂದರೆ ಗ್ರೇಡಿಂಗ್ ಖರ್ಚು ಉಳಿಯುತ್ತದೆ. ನಾಣ್ಯ ಮೇಲೆತ್ತುವಾಗ ಓರೆಯಾಗಿ ಹಿಡಿದು, ಕೆಳಗಿನ ಅಂಚಿಗೆ ಇಳಿದ ಹನಿಗೆ ಮಾತ್ರ ಟಿಶ್ಯೂ ಮೂಲೆ ತಾಗಿಸಿ. ಫೀಲ್ಡಿಗೆ ಬೇಡ. ಕೂಡಲೇ ಗಾಜಿನ ಪೆಟ್ಟಿಗೆಗೆ. ಅದರೊಳಗೆ ಹಿಂದಿನ ರಾತ್ರಿಯೇ ಅರ್ಧ ಕೆಜಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ಒಂದು ತೇವಾಂಶ ಮಾಪಕ ಇಟ್ಟಿರಬೇಕು. ಮುಳ್ಳು 40%ಕ್ಕೆ ಇಳಿದರೆ ಇಬ್ಬನಿ ಬಿಂದು 10 ಡಿಗ್ರಿಯ ಆಸುಪಾಸು, ಆಗ ನಾಣ್ಯ ನಾಲ್ಕೈದು ಡಿಗ್ರಿ ತಣ್ಣಗಾದರೂ ಚಿಂತೆಯಿಲ್ಲ. ಜೆಲ್ಲನ್ನು ಬಟ್ಟೆಚೀಲಕ್ಕೆ ಹಾಕಿ, ಬಿಡಿ ಮಣಿಗಳಿಂದ ದೂಳು ಏಳುತ್ತದೆ. ಹೇರ್ ಡ್ರೈಯರ್ ಯೋಚನೆ ಬಿಟ್ಟುಬಿಡಿ. ಅಸಿಟೋನ್ ಆವಿಗೆ ಒಂದು ಕಿಡಿ ಸಾಕು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ, ಊದುಬತ್ತಿ ಯಾವುದೂ ಬೇಡ.

ಅರ್ಧ ಗಂಟೆ ಆರಿದ ಮೇಲೆಯೇ ಕ್ಯಾಪ್ಸೂಲು. ಅಸಿಟೋನಿನ ಶೇಷ ತಾಗಿದರೆ ಅಕ್ರಿಲಿಕ್, ಪಾಲಿಸ್ಟೈರೀನ್ ಎರಡೂ ಬೆಳ್ಳಗಾಗುತ್ತವೆ.

ಇಲ್ಲಿ ಒಂದು ಅಡ್ಡದಾರಿ. ಮುಂದಿನ ಕೆಲಸ ದ್ವಿಲೋಹದ 10 ರೂಪಾಯಿ. ರಿಸರ್ವ್ ಬ್ಯಾಂಕ್ 2018ರಲ್ಲಿ 14 ವಿನ್ಯಾಸಗಳೂ ಚಲಾವಣೆಗೆ ಮಾನ್ಯ ಎಂದು ಹೇಳಿತ್ತು. ಆ ಹದಿನಾಲ್ಕನ್ನೂ ಟಂಕಸಾಲೆ ಗುರುತಿನ ಪ್ರಕಾರ ಜೋಡಿಸಬೇಕು: ಮುಂಬೈಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೊಯಿಡಾಗೆ ಚುಕ್ಕಿ, ಕೋಲ್ಕತ್ತಾಗೆ ಏನೂ ಇಲ್ಲ. ತೊಡಕು ನಡುವಿನ ಬಿಲ್ಲೆ ಮತ್ತು ಹೊರಬಳೆಯ ಸಂದಿ. ಅಸಿಟೋನ್ ಅಲ್ಲಿಗೆ ಇಳಿದರೆ ಮೇಲೆ ಆರಿದಂತೆ ಕಂಡು ಆಮೇಲೆ ನಿಧಾನಕ್ಕೆ ಒಸರಿ ಸುತ್ತ ಒಂದು ಉಂಗುರ ಬಿಡುತ್ತದೆ. ಒಣಪೆಟ್ಟಿಗೆಯಲ್ಲಿ ಒಂದು ಇಡೀ ದಿನ ಬಿಡುವ ಅಂದಾಜು. ಪರೀಕ್ಷೆಗೆ ಹಳೆಯ ನಾಣ್ಯಗಳಿಗೇನೂ ಬರವಿಲ್ಲ, ಬಹಳ ಅಂಗಡಿಗಳಲ್ಲಿ ಅವನ್ನು ಹೇಗೂ ತಗೊಳ್ಳಲ್ಲವಲ್ಲ.

ಕಳಿಸುವ ವಿಷಯ. ಸೆಟ್ ಆದರೂ ಫಾರಂನಲ್ಲಿ ಒಂದೊಂದು ನಾಣ್ಯಕ್ಕೆ ಒಂದೊಂದು ಸಾಲು, ಒಂದೊಂದು ಫ್ಲಿಪ್ಪು. 44 ಮಿ.ಮೀ.ಗೆ 2×2 ಇಂಚಿನ ಫ್ಲಿಪ್ ಬಿಗಿ, 2.5 ಇಂಚಿನದೇ ಸರಿ. ಪಿವಿಸಿ ಇಲ್ಲದ ಮೈಲಾರ್ ಫ್ಲಿಪ್ ಗಟ್ಟಿ, ನಾಣ್ಯವನ್ನು ಜಾರಿಸದೆ, ಬಾಯಿ ಅಗಲಿಸಿ ಒಳಗಿಳಿಸಬೇಕು. ಸ್ಟೇಪಲ್ ಎಲ್ಲೂ ಬೇಡ. ಕನ್ನಡಿಯಂಥ ಫೀಲ್ಡಿನ ಮೇಲೆ ಚಿತ್ರ ಮಂಜಿನ ಹಾಗೆ ಬೆಳ್ಳಗೆ (ಅದೇ ಫ್ರಾಸ್ಟ್) ಎದ್ದು ಕಾಣುವುದನ್ನು ಗ್ರೇಡಿಂಗ್ ಸಂಸ್ಥೆ ಎನ್‌ಜಿಸಿ 'ಅಲ್ಟ್ರಾ ಕ್ಯಾಮಿಯೊ' ಎಂದರೆ, ಇನ್ನೊಂದು ಸಂಸ್ಥೆ ಪಿಸಿಜಿಎಸ್ 'ಡೀಪ್ ಕ್ಯಾಮಿಯೊ' ಎನ್ನುತ್ತದೆ. ಈ ನಾಣ್ಯದ ಫ್ರಾಸ್ಟ್ ಟ್ಯಾಗೋರರ ಗಡ್ಡದ ತುದಿಯಲ್ಲಿ ಕೊಂಚ ತೆಳುವಾಗಿದೆ, ಹಾಗಾಗಿ ಒಂದು ಮೆಟ್ಟಿಲು ಕೆಳಗಿನ ಬರೀ 'ಕ್ಯಾಮಿಯೊ' ಬಂದರೂ ಆಶ್ಚರ್ಯವಿಲ್ಲ. ಫ್ಲಿಪ್ಪುಗಳು ಈಗ ಒಣಪೆಟ್ಟಿಗೆಯಲ್ಲೇ ಇವೆ, ಮಾಪಕ 38% ತೋರಿಸುತ್ತಿದೆ. ಪ್ಯಾಕಿಂಗಿಗೆ ತಂದ ರಟ್ಟಿನ ಡಬ್ಬಿಯನ್ನು ಮುಟ್ಟಿದರೆ ಮಾತ್ರ ಇನ್ನೂ ತಣ್ಣಗೆ ಒದ್ದೆ ಒದ್ದೆ.