ಪ್ಲೇಟಿಂಗ್ ಯೂನಿಟ್‌ನ ಹಿತ್ತಲಲ್ಲಿ ಬೆಳೆದ ಎಕ್ಕ

ಹೊಸೂರಿನ ಒಂದು ಪ್ಲೇಟಿಂಗ್ ಯೂನಿಟ್‌ನಲ್ಲಿ (ಲೋಹದ ಸಾಮಾನಿಗೆ ನಿಕಲ್ ಲೇಪಿಸುವ ಕಾರ್ಖಾನೆಯಲ್ಲಿ) ಲ್ಯಾಬ್ ನೋಡಿಕೊಳ್ಳುತ್ತೇನೆ. ವರ್ಷಗಟ್ಟಲೆ ತೊಳೆದ ನೀರು ಇಂಗಿ ಹಿಂದಿನ ಕಾಂಪೌಂಡ್ ಪಕ್ಕದ ಮಣ್ಣಿಗೆ ನಿಕಲ್ ಸೇರಿತ್ತು. ಆದರೂ ಅಲ್ಲಿ ಎಕ್ಕ, ಗರಿಕೆ, ಪಾರ್ಥೇನಿಯಂ ಸೊಂಪಾಗಿ ಬೆಳೆದಿದ್ದವು. ಅದನ್ನು ನೋಡಿ ಜಂಬದಿಂದ ಮ್ಯಾನೇಜರ್‌ಗೆ ಹೇಳಿದೆ: "ಖರ್ಚೇ ಇಲ್ಲ ಸಾರ್. ಗಿಡ ನಿಕಲ್ ಎಳ್ಕೊಳ್ಳುತ್ತೆ, ನಾವು ಕುಯ್ದು ಬಿಸಾಕಿದರಾಯ್ತು."

ಲೆಕ್ಕ ಹಾಕಿದ್ದು ಆಮೇಲೆ. ಒಂದು ಚದರ ಮೀಟರ್ ಜಾಗ, 20 ಸೆಂಟಿಮೀಟರ್ ಆಳ ಅಂದರೆ ಸುಮಾರು 260 ಕಿಲೋ ಮಣ್ಣು. ಕಿಲೋಗೆ 100 ಮಿಲಿಗ್ರಾಂ ನಿಕಲ್ ಇಳಿಸಬೇಕಾದರೆ 26 ಗ್ರಾಂ ಹೊರಗೆ ಬರಬೇಕು. ಒಂದು ಕೊಯ್ಲಿಗೆ ಒಂದು ಕಿಲೋ ಒಣ ಸೊಪ್ಪು, ಅದರಲ್ಲಿ 50 ಮಿಲಿಗ್ರಾಂ ನಿಕಲ್ ಅಂತಿಟ್ಟುಕೊಳ್ಳಿ. 520 ಸಲ ಕುಯ್ಯಬೇಕು! ಒಣ ಎಲೆಯಲ್ಲಿ ಕಿಲೋಗೆ 1000 ಮಿಲಿಗ್ರಾಂಗಿಂತ ಜಾಸ್ತಿ ನಿಕಲ್ ತುಂಬಿಕೊಳ್ಳುವ ಗಿಡಗಳೂ ಇವೆ. ನ್ಯೂ ಕ್ಯಾಲೆಡೋನಿಯಾದ ಒಂದು ಮರದ ಹಾಲಂತೂ ನಿಕಲ್‌ನಿಂದಲೇ ನೀಲಿ-ಹಸಿರು. ನಮ್ಮ ಎಕ್ಕದ ಹಾಲು ಬೆಳ್ಳಗೇ ಇದೆ.

ಹಾಗಂತ ಕಳೆ ದಂಡ ಅಲ್ಲ. ಬೇರು ಮಣ್ಣನ್ನು ಹಿಡಿದಿಟ್ಟರೆ ಬೇಸಿಗೆಯಲ್ಲಿ ಧೂಳು ಏಳಲ್ಲ, ಮಳೆಗೆ ಮಣ್ಣು ಮೋರಿ ಸೇರಲ್ಲ. ಅದಕ್ಕೇ ಅಂಚಿಗೆ ಲಾವಂಚವನ್ನೂ ನೆಟ್ಟೆವು. ಅದು ಲೋಹವನ್ನು ಹೆಚ್ಚಾಗಿ ಬೇರಲ್ಲೇ ಇಟ್ಟುಕೊಳ್ಳುತ್ತದೆ.

ಎಡವಿದ್ದು ಕುಯ್ದ ಸೊಪ್ಪಿನಲ್ಲಿ. ಹುಡುಗರು ಗರಿಕೆ ಕುಯ್ದು ಕಾಂಪೌಂಡ್ ಆಚೆ ಹಾಕಿದ್ದರು. ಎಲ್ಲಿ ಹಾಕಬೇಕು ಅಂತ ನಾನು ಹೇಳಿರಲೇ ಇಲ್ಲ. ಹೋಗಿ ನೋಡಿದರೆ ಒಬ್ಬ ಅಜ್ಜಿ ಹೊರೆ ಕಟ್ಟುತ್ತಿದ್ದರು.

"ಅಜ್ಜಿ, ಅದು ಬೇಡ. ಹಸುವಿಗೆ ಒಳ್ಳೇದಲ್ಲ."

"ಇಷ್ಟು ಹಸರಾಗೈತಲ್ಲಪ್ಪಾ, ಏನಾಗ್ತೈತೆ?"

ಏನು ಹೇಳಲಿ? ನಾನೂ ಆ ಹಸಿರು ನೋಡಿಯೇ ಮೋಸ ಹೋದವನು. ಒಂದು ಹೊರೆ ಮೇವಿನ ದುಡ್ಡು ಕೊಟ್ಟು ಸೊಪ್ಪನ್ನು ವಾಪಸ್ ತಂದೆ. ಈಗ ಅದನ್ನು ಒಣಗಿಸಿ, ಚೀಲಕ್ಕೆ ತುಂಬಿ, ಪ್ಲೇಟಿಂಗ್ ಸ್ಲಜ್ (ಕೆಸರಿನಂಥ ಕಸ) ಜೊತೆಗೇ ಅಪಾಯಕಾರಿ ತ್ಯಾಜ್ಯದ ಲಾರಿಗೆ ಏರಿಸುತ್ತೇವೆ.

ಗರಿಕೆ ತೆಗೆಸಿ ಎಕ್ಕ ಬಿಟ್ಟೆ. ದನ ಅದನ್ನು ಮೂಸೂ ನೋಡಲ್ಲ ಅಲ್ವಾ? ರಥಸಪ್ತಮಿಯ ಹಿಂದಿನ ಸಂಜೆ ನಮ್ಮ ಸೆಕ್ಯುರಿಟಿ ಅಣ್ಣ ಏಳು ಎಕ್ಕದ ಎಲೆ ಕಿತ್ತು ಊಟದ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. "ಶನಿವಾರ ಆಂಜನೇಯನಿಗೆ ಹೂವೂ ಇಲ್ಲಿಂದಲೇ ಸಾರ್" ಅಂದರು.

ಮರುದಿನವೇ ಬೇಲಿ ಹಾಕಿಸಿದೆ. ಬೋರ್ಡ್ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಇದೆ.