ಬೆರಳೆಣಿಸುವ ಮಗುವನ್ನು ತಡೆಯಬೇಕೆ?

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ ಎಂದು ತಿಳಿದೊಡನೆ ಪೋಷಕರು ಕೇಳುವ ಪ್ರಶ್ನೆ ಬಹುತೇಕ ಒಂದೇ: “ನಮ್ಮ ಮಗು ಇನ್ನೂ ಬೆರಳು ಮಡಚಿ ಲೆಕ್ಕ ಮಾಡುತ್ತದೆ, ಇದನ್ನು ಬಿಡಿಸುವುದು ಹೇಗೆ?” ಬಿಡಿಸುವ ಗೊಡವೆಗೇ ಹೋಗಬೇಡಿ ಎಂಬುದು ನನ್ನ ಉತ್ತರ. ಇಷ್ಟಕ್ಕೇ ನಿಲ್ಲಿಸಿದರೆ ಕೇಳಿದವರಿಗೆ ಅದು ಬರೀ ಸಮಾಧಾನದ ಮಾತೆನಿಸುತ್ತದೆ. ಮಗು ಬೆರಳು ಬಳಸುತ್ತಿದೆಯೇ ಎಂಬುದಕ್ಕಿಂತ ಆ ಬೆರಳುಗಳಿಂದ ಯಾವ ಕೆಲಸ ಮಾಡಿಸುತ್ತಿದೆ ಎಂಬುದನ್ನು ಗಮನಿಸಬೇಕು, ಹೇಗೆ ಗಮನಿಸಬೇಕೆಂಬುದಕ್ಕೆ ತುಸು ವಿವರಣೆ ಬೇಕು.

ಮೂರು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಒಪ್ಪಿಸಿದರೆ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಅದೇ ಮಗುವಿನ ಮುಂದೆ ಕಡಲೆಕಾಯಿಯ ತಟ್ಟೆಯಿಟ್ಟು “ನಾಲ್ಕು ಕೊಡು” ಎಂದರೆ ಅದು ಕೈಗೆ ಸಿಕ್ಕಷ್ಟನ್ನು ಹಿಡಿಯಲ್ಲಿ ಬಾಚಿ ಕೊಡುವುದುಂಟು. ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕ್ರಮಬದ್ಧವಾಗಿ ತೋರಿಸಿತು. ಮಕ್ಕಳು ಮೊದಲು ‘ಒಂದು’ ಎಷ್ಟೆಂಬುದನ್ನು ಅರಿಯುತ್ತಾರೆ, ಕೆಲವು ತಿಂಗಳ ಮೇಲೆ ‘ಎರಡು’, ಆಮೇಲೆ ‘ಮೂರು’. ಎಣಿಕೆಯಲ್ಲಿ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟೆಂಬುದನ್ನು ಸೂಚಿಸುತ್ತದೆ ಎಂಬ ತಿಳಿವು ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ ಮೂಡುತ್ತದೆ. ಬಾಯಿಪಾಠ ಬಂದ ಮಾತ್ರಕ್ಕೆ ಸಂಖ್ಯೆ ಬಂತೆಂದು ಹೇಳಲಾಗದು.

ಬೆರಳು ಬಂದ ಮಾತ್ರಕ್ಕೂ ಬಂದಂತಲ್ಲ. ನಿಕರಾಗುವಾದಲ್ಲಿ ಯಾವುದೇ ಸಂಜ್ಞಾಭಾಷೆಯನ್ನು ಕಲಿಯುವ ಅವಕಾಶವಿಲ್ಲದೆ, ಮನೆಯವರೊಡನೆ ತಾವೇ ರೂಢಿಸಿಕೊಂಡ ಕೈಸನ್ನೆಗಳಲ್ಲೇ ಬೆಳೆದ ಕಿವುಡ ವಯಸ್ಕರನ್ನು ಕುರಿತ ಸಂಶೋಧನೆಯೊಂದು 2011ರಲ್ಲಿ ಪ್ರಕಟವಾಯಿತು. ಅವರು ದುಡಿಯುವವರು, ದುಡ್ಡಿನ ವ್ಯವಹಾರ ಮಾಡುವವರು, ಎಷ್ಟೆಂದು ಹೇಳಲು ಬೆರಳುಗಳನ್ನೇ ಎತ್ತುವವರು; ಆದರೂ ಮೂರನ್ನು ದಾಟಿದ ಮೇಲೆ ಅವರು ಎತ್ತುತ್ತಿದ್ದ ಬೆರಳುಗಳ ಸಂಖ್ಯೆ ಸುಮಾರಾಗಿ ಹೊಂದುತ್ತಿತ್ತೇ ವಿನಾ ಕರಾರುವಾಕ್ಕಾಗಿ ಇರುತ್ತಿರಲಿಲ್ಲ. ಇತ್ತ ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳು ಬೆರಳುಗಳ ನೆರವನ್ನು ಅಷ್ಟಾಗಿ ಪಡೆಯದೆಯೂ ಎಣಿಸಲು ಕಲಿಯುತ್ತಾರೆ. ಹೀಗಾಗಿ ‘ಬೆರಳಿಲ್ಲದೆ ಗಣಿತವಿಲ್ಲ’ ಎಂದು ಸಾರುವ ಉತ್ಸಾಹಿಗಳ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಬಾಯಲ್ಲಿನ ಪದ, ಕೈಯಲ್ಲಿನ ಬೆರಳು, ಎದುರಿಗಿರುವ ವಸ್ತು ಈ ಮೂರೂ ಒಂದಕ್ಕೊಂದು ತಾಳೆಯಾಗುವಲ್ಲಿ ಸಂಖ್ಯೆಯ ಅರಿವು ಹುಟ್ಟುತ್ತದೆ, ಆ ತಾಳೆ ನೋಡಲು ಹೆಚ್ಚಿನ ಮಕ್ಕಳಿಗೆ ಸದಾ ಕೈಗೆಟಕುವ ಸಾಧನ ಬೆರಳು.

ಎಂಟಕ್ಕೆ ಐದು ಕೂಡುವ ಲೆಕ್ಕವನ್ನೇ ನೋಡಿ. ತೀರಾ ಹೊಸಬ ಎಂಟನ್ನೂ ಒಂದರಿಂದಲೇ ಎಣಿಸಲು ಹೊರಡುತ್ತಾನೆ, ಹತ್ತು ಬೆರಳು ಮುಗಿದಲ್ಲಿ ಕಂಗಾಲಾಗುತ್ತಾನೆ. ಇದಕ್ಕೆಂದೇ ನಮ್ಮ ಶಾಲೆಗಳಲ್ಲಿ “ದೊಡ್ಡದು ಮನಸ್ಸಿನಲ್ಲಿ, ಚಿಕ್ಕದು ಕೈಯಲ್ಲಿ” ಎಂದು ಹೇಳಿಕೊಡುತ್ತೇವೆ: ಎಂಟು ಮನಸ್ಸಿನಲ್ಲಿ, ಐದು ಬೆರಳು ಕೈಯಲ್ಲಿ, ಎಂಟರ ನಂತರ ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಈ ಹಂತದಲ್ಲಿ ಕೆಲವು ಮಕ್ಕಳು ಮೊದಲ ಬೆರಳನ್ನು ಮಡಚುವಾಗಲೇ ‘ಎಂಟು’ ಎನ್ನುತ್ತಾರೆ, ಹನ್ನೆರಡಕ್ಕೆ ಬಂದು ನಿಲ್ಲುತ್ತಾರೆ. ಹದಿಮೂರರಲ್ಲಿ ಐದು ಕಳೆಯುವಾಗ ಇದೇ ಮಕ್ಕಳು ಮೊದಲ ಬೆರಳಿಗೆ ‘ಹದಿಮೂರು’ ಎಂದು ಹೇಳಿ ಒಂಬತ್ತಕ್ಕೆ ಮುಟ್ಟುತ್ತಾರೆ. ಇದನ್ನು ಅಜಾಗರೂಕತೆ ಎಂದು ಗದರಿ ಪ್ರಯೋಜನವಿಲ್ಲ, ಏಕೆಂದರೆ ಮನಸ್ಸಿನಲ್ಲಿರುವ ಎಂಟು ಆಗಲೇ ಎಣಿಸಿ ಮುಗಿಸಿದ ಎಂಟು ಎಂಬುದು ಆ ಮಗುವಿಗೆ ಇನ್ನೂ ದೃಢವಾಗಿಲ್ಲ. ಬೆರಳನ್ನು ನಿಷೇಧಿಸಿದರೂ ತಪ್ಪು ಹಾಗೆಯೇ ಉಳಿಯುತ್ತದೆ, ಮಗು ಮೇಜಿನಡಿ ಎಣಿಸತೊಡಗುತ್ತದೆ, ತಪ್ಪು ಎಲ್ಲಾಯಿತೆಂದು ನೋಡುವ ಅವಕಾಶ ಮಾತ್ರ ಶಿಕ್ಷಕರ ಕೈತಪ್ಪುತ್ತದೆ.

ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಕ್ಯಾಥರೀನ್ ತೆವೆನೋ ಮತ್ತು ಅವರ ಸಹೋದ್ಯೋಗಿಗಳು ಐದಾರು ವರ್ಷದ ಮಕ್ಕಳ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದದ್ದು. ಅಲ್ಲಿಯವರೆಗೆ ಬೆರಳು ಬಳಸದಿದ್ದ ಮಕ್ಕಳಿಗೆ ಬೆರಳಲ್ಲಿ ಕೂಡುವುದನ್ನು ಕಲಿಸಿದಾಗ ಅವರ ಸರಿಯುತ್ತರಗಳ ಪ್ರಮಾಣ ಶೇ. 37ರಿಂದ ಶೇ. 77ಕ್ಕೆ ಏರಿತು. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಇದೇ ತಂಡದ ಮತ್ತೊಂದು ಅಧ್ಯಯನದಲ್ಲಿ, ಏಳರ ಆಸುಪಾಸಿನಲ್ಲಿ ಕೂಡುವುದರಲ್ಲಿ ಮುಂದಿದ್ದವರು ಹಿಂದೆ ಬೆರಳು ಬಳಸಿ ಈಗ ಬಿಟ್ಟ ಮಕ್ಕಳು, ಎಂದೂ ಬಳಸದವರಲ್ಲ. ಬಿಡಬೇಕಾದ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವಾಗಿಯೇ ಬಿಡುತ್ತಾರೆ.

ಬೆರಳೆಣಿಕೆ ದಡ್ಡರ ಲಕ್ಷಣವೆಂಬ ಭಾವನೆ ನಮ್ಮಲ್ಲಿ ಹೇಗೆ ಬೇರೂರಿತೋ! ಕರ್ನಾಟಕ ಸಂಗೀತದಲ್ಲಿ ಆದಿತಾಳ ಹಾಕುವ ವಿದ್ವಾಂಸರು ಒಂದು ಘಾತ (ಅಂಗೈ ತಟ್ಟು) ಕೊಟ್ಟು ಕಿರುಬೆರಳು, ಉಂಗುರ ಬೆರಳು, ನಡುಬೆರಳು ಎಣಿಸಿ ಲಘು ಎಂಬ ಭಾಗದ ನಾಲ್ಕು ಅಕ್ಷರ, ಅಂದರೆ ನಾಲ್ಕು ಎಣಿಕೆ, ಮುಗಿಸುತ್ತಾರೆ, ಆಮೇಲೆ ತಲಾ ಎರಡೆಣಿಕೆಯ ಎರಡು ದ್ರುತ ಸೇರಿ ಎಂಟಾಗುತ್ತದೆ. ಗಾಯತ್ರಿ ಜಪಿಸುವವರು ಉಂಗುರ ಬೆರಳಿನ ನಡುಗೆಣ್ಣಿನಲ್ಲಿ ತೊಡಗಿ, ಕಿರುಬೆರಳನ್ನು ಸುತ್ತಿ ಬಂದು, ತೋರುಬೆರಳಿನ ಬುಡಕ್ಕೆ ಬರುವಷ್ಟರಲ್ಲಿ ಹತ್ತಾಗುತ್ತದೆ. ನಡುಬೆರಳಿನ ಕೆಳಗಿನ ಎರಡು ಗೆಣ್ಣುಗಳನ್ನು, ಜಪಮಾಲೆಯಲ್ಲಿ ದಾಟಬಾರದ ಮಣಿಯಂತೆ, ಮೇರುವೆಂದು ಬಿಡುತ್ತಾರೆ. ಹಿರಿಯರು ಹೆಬ್ಬೆರಳನ್ನು ಗೆಣ್ಣಿಂದ ಗೆಣ್ಣಿಗೆ ಸರಿಸುತ್ತ ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸುತ್ತಾರೆ, ಇನ್ನೊಂದು ಕೈ ಚೀಲ ಹಿಡಿಯಲು ಬಿಡುವಾಗಿರುತ್ತದೆ.

ಆದರೆ ಈ ಗೆಣ್ಣೆಣಿಕೆಯನ್ನು ಎಳೆಯ ಮಕ್ಕಳಿಗೆ ಹೇಳಿಕೊಡಲು ನಾನು ಆತುರಪಡುವುದಿಲ್ಲ. ಎಷ್ಟಾಯಿತೆಂಬ ಲೆಕ್ಕ ತಪ್ಪದಂತೆ ನೋಡಿಕೊಳ್ಳಲು ಅದು ಅನುಕೂಲವಾದರೂ ಅದರಲ್ಲಿ ಐದು, ಹತ್ತು ಕಣ್ಣಿಗೆ ಕಾಣುವುದಿಲ್ಲ. ಬಿಡಿಸಿದ ಬೆರಳುಗಳಲ್ಲಾದರೆ ಏಳು ಎಂದರೆ ಒಂದು ಪೂರ್ತಿ ಕೈ ಮತ್ತು ಎರಡು ಎಂಬುದು, ಹತ್ತಕ್ಕೆ ಇನ್ನೂ ಮೂರು ಬೇಕೆಂಬುದು ನೋಡಿದೊಡನೆ ತಿಳಿಯುತ್ತದೆ.

ಚಿಂತಿಸಬೇಕಾದ ಸಂದರ್ಭವೂ ಇದೆ. ಮೂರನೆಯ ತರಗತಿಯ ಮಗು ಐದಕ್ಕೆ ಎರಡು ಕೂಡಲು ಮೊದಲ ಐದನ್ನೂ ಒಂದೊಂದಾಗಿ ಎಣಿಸುತ್ತಿದ್ದರೆ, ಅಥವಾ ಮೂವತ್ತೇಳಕ್ಕೆ ಇಪ್ಪತ್ತೈದು ಕೂಡಲು ಇಪ್ಪತ್ತೈದು ಸಲ ಬೆರಳು ಮಡಚುತ್ತಿದ್ದರೆ, ಅದಕ್ಕೆ ಹತ್ತು ಇನ್ನೂ ಒಂದು ಘಟಕವಾಗಿಲ್ಲ ಎಂದರ್ಥ. ಆಗ ಮಗ್ಗಿ ಉರುಹೊಡೆಸುವ ಬದಲು, “ಎಣಿಸದೆ ಎಂಟು ಬೆರಳು ತೋರಿಸು, ಮಡಚಿದವು ಎಷ್ಟು ಹೇಳು” ಎಂಬ ಆಟವನ್ನು ದಿನವೂ ಸ್ವಲ್ಪ ಹೊತ್ತು ಆಡಿಸಿ. ಮಡಚಿದ ಬೆರಳುಗಳ ಕಡೆ ನೋಡದೆ ಉತ್ತರ ಬರತೊಡಗಿದ ಮೇಲೆ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಕೊಟ್ಟು ಮೂವತ್ತೇಳರ ಲೆಕ್ಕಕ್ಕೆ ಹೋಗಬಹುದು.